ಓಡುವ ಹುಡುಗರ ಮನಸ್ಸನ್ನು ಯಾರು ನೋಡಬೇಕು?

ಬೆಳಗಿನ ಜಾವ ನಾಲ್ಕೂವರೆಗೆ ಟಾರ್ಚು ಹಿಡಿದು ತೋಟಕ್ಕೆ ನೀರು ಕಟ್ಟಲು ಹೊರಟರೆ ಕೆರೆ ಏರಿ ಮೇಲೆ ದಬದಬ ಸದ್ದು ಕೇಳುತ್ತದೆ. ಮೊದಮೊದಲು ಯಾರದೋ ದನ ಹಗ್ಗ ಕಿತ್ತುಕೊಂಡು ಬಂದಿರಬೇಕು ಅಂದುಕೊಂಡಿದ್ದೆ. ಈಗ ಗೊತ್ತು, ಅದು ನಮ್ಮೂರ ಹುಡುಗರ ಕಾಲಿನ ಸದ್ದು. ಆರೇಳು ಜನ ಇರುತ್ತಾರೆ, ಎಲ್ಲಾ ಹದಿನೇಳರಿಂದ ಇಪ್ಪತ್ತೊಂದರ ಒಳಗಿನವರು. ಒಬ್ಬನ ಕಾಲಿಗೆ ಬೂಟು, ಇನ್ನೊಬ್ಬನದು ಬರಿಗಾಲು. ತೂಬಿನಿಂದ ಕೋಡಿಗೆ 800 ಮೀಟರ್ ಅಂತ ಅವರೇ ಹಗ್ಗ ಹಿಡಿದು ಅಳೆದಿದ್ದಾರೆ. ಹೋಗಿ ಬಂದರೆ 1600. ಮಿಲಿಟರಿ ಭರ್ತಿಗೆ ಬೇಕಾದ ಓಟ ಅಷ್ಟೇ.

ನಮ್ಮದು ಮಡಕಶಿರಾ ಸೀಮೆ. ಮೂರು ಕಡೆ ಕರ್ನಾಟಕ, ಹೆಸರಿಗೆ ಆಂಧ್ರ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಎರಡರಲ್ಲೂ ಪದ್ಯ ಕಟ್ಟುವ ನನ್ನಂಥವನಿಗೆ ಕೆಲವು ಮಾತುಗಳು ಕಾಲಿಗೆ ತೊಡರಿಕೊಳ್ಳುತ್ತವೆ. ಕನ್ನಡದಲ್ಲಿ ‘ಓಡು’ ಅಂದರೆ ಓಡುವುದು. ತೆಲುಗಿನಲ್ಲಿ ‘ಓಡು’ ಅಂದರೆ ಸೋಲುವುದು. ‘ಓಡಿಪೋಯಾಡು’ ಅಂತ ತೆಲುಗಿನವರು ಹೇಳಿದರೆ ಹುಡುಗ ಓಡಿಹೋದ ಅಂತ ಅರ್ಥವಲ್ಲ, ಸೋತುಹೋದ ಅಂತ. ಈ ಎರಡು ಅರ್ಥದ ನಡುವೆ ನಮ್ಮ ಗಡಿಯ ಹುಡುಗರು ಸಿಕ್ಕಿಕೊಂಡಿದ್ದಾರೆ. ಅವರ ಕಾಲಿನ ಲೆಕ್ಕ ಇಡುವವರು ಬೇಕಾದಷ್ಟು ಜನ ಇದ್ದಾರೆ. ಮನಸ್ಸಿನ ಲೆಕ್ಕ ಇಡುವವರು ಯಾರು ಎಂಬುದೇ ಈ ಬರಹದ ಪ್ರಶ್ನೆ.

ಭರ್ತಿಯ ಲೆಕ್ಕ

2022ರ ಜೂನ್ 14ರಂದು ಕೇಂದ್ರ ಸರ್ಕಾರ ಅಗ್ನಿಪಥ ಯೋಜನೆಯನ್ನು ಪ್ರಕಟಿಸಿತು. ಹದಿನೇಳೂವರೆಯಿಂದ ಇಪ್ಪತ್ತೊಂದು ವರ್ಷದೊಳಗಿನವರನ್ನು ನಾಲ್ಕು ವರ್ಷಕ್ಕೆ ಸೇರಿಸಿಕೊಳ್ಳುವುದು, ಆಮೇಲೆ ಅವರಲ್ಲಿ ನೂರಕ್ಕೆ ಇಪ್ಪತ್ತೈದು ಜನರವರೆಗೆ ಉಳಿಸಿಕೊಂಡು ಮಿಕ್ಕವರನ್ನು ಕಳಿಸಿಕೊಡುವುದು ಇದರ ಸಾರಾಂಶ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ ಕೈಗೆ ಬರುವುದು 21,000, ಉಳಿದದ್ದು ಸೇವಾನಿಧಿಗೆ. ನಾಲ್ಕು ವರ್ಷ ಮುಗಿಸಿ ಬಂದವನಿಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ಸಿಗುತ್ತದೆ ಎಂದು ಆಗ ಲೆಕ್ಕ ಹೇಳಿದರು. ಪಿಂಚಣಿ ಇಲ್ಲ.

ಯೋಜನೆ ಬಂದಾಗ ಏನಾಯಿತೆಂಬುದು ಓದುಗರಿಗೆ ನೆನಪಿರಬಹುದು. ಕೋವಿಡ್ಡಿನಿಂದ ಎರಡು ವರ್ಷ ಭರ್ತಿಯೇ ನಡೆದಿರಲಿಲ್ಲ. ಓಡಿ ಓಡಿ ಕಾದಿದ್ದ ಹುಡುಗರು ಬೀದಿಗಿಳಿದರು. ಜೂನ್ 17ರಂದು ಸಿಕಂದರಾಬಾದ್ ರೈಲ್ವೆ ಸ್ಟೇಷನ್ನಿನಲ್ಲಿ ಗಲಾಟೆಯಾಗಿ ಪೊಲೀಸರ ಗುಂಡಿಗೆ ಒಬ್ಬ ಯುವಕ ಸತ್ತ. ಆ ವರ್ಷದ ಮಟ್ಟಿಗೆ ವಯಸ್ಸಿನ ಮಿತಿಯನ್ನು 23ಕ್ಕೆ ಏರಿಸಿದರು. ಯೋಜನೆ ಸರಿಯೋ ತಪ್ಪೋ ಎಂಬ ವಾದ ಇನ್ನೂ ನಡೆಯುತ್ತಿದೆ. ನಾನು ಆ ವಾದಕ್ಕೆ ಇಲ್ಲಿ ಇಳಿಯುವುದಿಲ್ಲ. ವಾದ ಮಾಡುವವರು ಮಾಡುತ್ತಿರಲಿ, ನಮ್ಮ ಏರಿ ಮೇಲೆ ಓಟವಂತೂ ನಿಂತಿಲ್ಲ.

2023ರಿಂದ ಮೊದಲು ಕಂಪ್ಯೂಟರ್ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ಮಾತ್ರ ರ‍್ಯಾಲಿ. ರ‍್ಯಾಲಿಯಲ್ಲಿ 1600 ಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ. ಕಂಬಿ ಹಿಡಿದು ಹತ್ತು ಸಲ ಮೈ ಎತ್ತಿದರೆ 40. ಒಂಬತ್ತು ಅಡಿ ಹಳ್ಳ ಹಾರಬೇಕು, ವಂಕಿ ದಿಮ್ಮಿಯ ಮೇಲೆ ಬೀಳದೆ ನಡೆಯಬೇಕು. ಇಷ್ಟೂ ಮೈಯ ಪರೀಕ್ಷೆ. ಇದಕ್ಕಾಗಿ ಹುಡುಗರು ಎರಡು ಮೂರು ವರ್ಷ ಬೆಳಗಿನ ನಿದ್ದೆ ಬಿಟ್ಟಿರುತ್ತಾರೆ.

ಯಾಕೆ ಅಂತ ಪಟ್ಟಣದವರು ಕೇಳಬಹುದು. ಕಡ್ಲೆಕಾಯಿ ಹಾಕಿದರೆ ಮಳೆ ಕೈಕೊಡುತ್ತದೆ. ಮಳೆ ಬಂದರೆ ಬೆಲೆ ಇರುವುದಿಲ್ಲ. ಎರಡೆಕರೆ ಹೊಲ ಇಬ್ಬರು ಅಣ್ಣತಮ್ಮಂದಿರಿಗೆ ಹಂಚಿಹೋಗಿರುತ್ತದೆ. ಲಂಚ ಕೊಡದೆ ಸಿಗುವ ಸರ್ಕಾರಿ ಕೆಲಸ ಮಿಲಿಟರಿ ಒಂದೇ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಅದರ ಜೊತೆಗೆ ಮಾನವೂ ಇದೆ. 2025ರ ಮೇ ತಿಂಗಳಲ್ಲಿ ಗಡಿ ನಿಯಂತ್ರಣ ರೇಖೆಯ ಬಳಿ ಪಾಕಿಸ್ತಾನದ ಗುಂಡಿನ ದಾಳಿಯಲ್ಲಿ ಪ್ರಾಣ ಕೊಟ್ಟ ಅಗ್ನಿವೀರ ಮುರಳಿ ನಾಯಕ್ ನಮ್ಮ ಶ್ರೀ ಸತ್ಯಸಾಯಿ ಜಿಲ್ಲೆಯವನೇ, ಗೋರಂಟ್ಲ ಮಂಡಲದ ತಾಂಡಾದ ಹುಡುಗ. ಆ ಸುದ್ದಿ ಬಂದ ಮಾರನೇ ದಿನವೂ ಏರಿ ಮೇಲೆ ಕಾಲಿನ ಸದ್ದು ಕೇಳಿತು. ನಾನು ಟಾರ್ಚು ಆರಿಸಿ ಸ್ವಲ್ಪ ಹೊತ್ತು ಹಾಗೇ ನಿಂತುಬಿಟ್ಟೆ.

ಓಟಕ್ಕೂ ಮನಸ್ಸಿಗೂ ಏನು ನಂಟು?

ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವನು ನಾನು. ಆದ್ದರಿಂದ ಇದನ್ನು ಪರಿಚಯದ ಡಾಕ್ಟರೊಬ್ಬರನ್ನು ಕೇಳಿ ತಿಳಿದುಕೊಂಡೆ. ಅವರು ಹೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಸ್ವೀಡನ್ ದೇಶದ ಲೆಕ್ಕ. ಅಲ್ಲಿ ಹದಿನೆಂಟು ತುಂಬಿದ ಹುಡುಗರನ್ನು ಸೇನೆಗೆ ಕರೆದು ಮೈ ತಪಾಸಣೆ ಮಾಡುವ ಪದ್ಧತಿ ಇತ್ತು. ಹೃದಯ, ಶ್ವಾಸಗಳ ಕಸುವು ಎಷ್ಟಿದೆ ಎಂದು ಅಳೆದು ಬರೆದಿಡುತ್ತಿದ್ದರು. 1968ರಿಂದ 2005ರವರೆಗೆ ಹೀಗೆ ತಪಾಸಣೆಯಾದ 11 ಲಕ್ಷಕ್ಕೂ ಹೆಚ್ಚು ಜನರ ಮುಂದಿನ ಬದುಕನ್ನು ಆಸ್ಪತ್ರೆಗಳ ದಾಖಲೆ ಹಿಡಿದು ನೋಡಿ, 2012ರಲ್ಲಿ ವರದಿ ಪ್ರಕಟಿಸಿದರು. ಹದಿನೆಂಟರಲ್ಲಿ ಕಸುವು ಕಮ್ಮಿ ಇದ್ದವರಿಗೆ ಮುಂದೆ ತೀವ್ರ ಖಿನ್ನತೆ ಬರುವ ಸಂಭವ, ಹೆಚ್ಚು ಕಸುವಿದ್ದವರಿಗಿಂತ ಸುಮಾರು ಎರಡು ಪಟ್ಟು ಎಂದು ಅದರಲ್ಲಿ ಕಂಡುಬಂತು.

ನಾರ್ವೆಯಲ್ಲಿ ಸುಮಾರು 34 ಸಾವಿರ ಸಾಮಾನ್ಯ ಜನರನ್ನು ಹನ್ನೊಂದು ವರ್ಷ ಗಮನಿಸಿದ ಇನ್ನೊಂದು ಅಧ್ಯಯನವಿದೆ. ಎಲ್ಲರೂ ವಾರಕ್ಕೆ ಒಂದು ಗಂಟೆಯಾದರೂ ಮೈ ದಣಿಸಿದ್ದರೆ, ಮುಂದೆ ಬಂದ ಖಿನ್ನತೆಯಲ್ಲಿ ನೂರಕ್ಕೆ ಹನ್ನೆರಡರಷ್ಟನ್ನು ತಡೆಯಬಹುದಿತ್ತು ಎಂಬುದು ಅದರ ಅಂದಾಜು. ವಾರಕ್ಕೆ ಒಂದು ಗಂಟೆ! ನಮ್ಮ ಹುಡುಗರು ಅದನ್ನು ಎರಡು ದಿನಕ್ಕೇ ಮುಗಿಸುತ್ತಾರೆ.

ಓಡಿದಾಗ ರಕ್ತ ಚೆನ್ನಾಗಿ ಆಡುತ್ತದೆ, ಮಿದುಳಿನಲ್ಲಿ ನೋವು ಮರೆಸಿ ಹಗುರ ಮಾಡುವ ರಸಗಳು ಹೊರಡುತ್ತವೆ, ರಾತ್ರಿ ನಿದ್ದೆ ಗಟ್ಟಿಯಾಗುತ್ತದೆ, ಆತಂಕ ಇಳಿಯುತ್ತದೆ. ಇಷ್ಟು ಡಾಕ್ಟರರ ಮಾತು. ಇದರ ಮೇಲೆ ನಾನು ಕಣ್ಣಾರೆ ಕಂಡದ್ದೂ ಇದೆ. ಬೆಳಿಗ್ಗೆ ಓಡುವ ಹುಡುಗ ಸಂಜೆ ಸಾರಾಯಿ ಅಂಗಡಿ ಹತ್ತಿರ ನಿಲ್ಲುವುದಿಲ್ಲ. ಜೊತೆಗಾರರಿರುತ್ತಾರೆ, ನಾಳೆ ಏಳಬೇಕೆಂಬ ನೆಪ ಇರುತ್ತದೆ. ಮೊನ್ನೆಗಿಂತ ನಿನ್ನೆ ಎರಡು ಸೆಕೆಂಡು ಕಮ್ಮಿಯಾಯಿತು ಅನ್ನುವ ಸಣ್ಣ ಗೆಲುವು ಸಿಗುತ್ತದೆ. ಕೆಲಸವಿಲ್ಲದ ಹುಡುಗನಿಗೆ ದಿನಕ್ಕೊಂದು ಗೆಲುವು ಇನ್ನೆಲ್ಲಿ ಸಿಗಬೇಕು?

ಆದರೆ ಇಂಥ ಲೆಕ್ಕವನ್ನು ಹುಷಾರಾಗಿ ಓದಬೇಕು. ರೈತನಿಗೆ ಇದು ತಿಳಿಯುತ್ತದೆ. ಗಟ್ಟಿ ಗಿಡಕ್ಕೆ ರೋಗ ಕಮ್ಮಿ, ಸರಿ. ಗಟ್ಟಿಯಾಗಿದ್ದಕ್ಕೇ ರೋಗ ಬರಲಿಲ್ಲವೋ, ಒಳ್ಳೆ ನೆಲಕ್ಕೆ ಬಿದ್ದದ್ದರಿಂದ ಗಟ್ಟಿತನವೂ ಬಂತು, ರೋಗವೂ ದೂರವಾಯಿತೋ ಅನ್ನುವುದು ಬೇರೆ ಪ್ರಶ್ನೆ. ಉಂಡು ತಿಂದು, ತಂದೆತಾಯಿ ನೆರಳಲ್ಲಿ ಬೆಳೆದವನಿಗೆ ಮೈಯೂ ಗಟ್ಟಿ, ಮನಸ್ಸೂ ಗಟ್ಟಿ ಇರಬಹುದು. ಹಾಗಾಗಿ ‘ಓಡಿದರೆ ಸಾಕು, ಮನಸ್ಸು ತಾನೇ ಸರಿಹೋಗುತ್ತದೆ’ ಅನ್ನುವುದು ಅರ್ಧ ಸತ್ಯ. ಈ ಅರ್ಧ ಸತ್ಯವನ್ನೇ ಪೂರ್ತಿ ಅಂತ ನಂಬಿದ್ದರಿಂದ ನಮ್ಮ ಮನೆಯಲ್ಲೇ ಒಂದು ಪೆಟ್ಟು ಬಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಬೇಕು ಅಂತ ಓಡೋದು, ಬೈಸಿಕೊಂಡು ಓಡೋದು

ನಮ್ಮ ಬೀದಿಯ ಹುಡುಗನೊಬ್ಬ ಆಯ್ಕೆಯಾಗಿ ತರಬೇತಿಗೆ ಹೋದ. ಊರೆಲ್ಲಾ ಹೂವಿನ ಹಾರ ಹಾಕಿ ಬಸ್ಸು ಹತ್ತಿಸಿದೆವು. ಏರಿ ಮೇಲೆ ಎಲ್ಲರಿಗಿಂತ ಮುಂದೆ ಓಡುತ್ತಿದ್ದವನು ಅವನು. ಒಂದು ತಿಂಗಳಾದ ಮೇಲೆ ಭಾನುವಾರ ಫೋನು ಸಿಕ್ಕಾಗ ನನಗೂ ಮಾಡಿದ.

‘ಹೆಂಗೈತಪ್ಪಾ, ಓಟ ಜಾಸ್ತೀನಾ?’ ಅಂದೆ.

‘ಓಟ ಏನೂ ಕಷ್ಟ ಇಲ್ಲ ದೊಡ್ಡಪ್ಪ. ರಾತ್ರಿ ಲೈಟ್ ಆರಿಸಿದ ಮೇಲೆ ಕಷ್ಟ’ ಅಂದ.

ಮೊದಲ ವಾರಗಳಲ್ಲಿ ಹಿಂದಿ ಹುಕುಂ ಅರ್ಥವಾಗದೆ ಎಡಕ್ಕೆ ಅಂದರೆ ಬಲಕ್ಕೆ ತಿರುಗುತ್ತಿದ್ದನಂತೆ. ಒಬ್ಬನ ತಪ್ಪಿಗೆ ಇಡೀ ಸಾಲು ಇನ್ನೊಂದು ಸುತ್ತು ಓಡಬೇಕು. ಮಿಕ್ಕವರು ಇವನ ಕಡೆ ನೋಡುತ್ತಾರೆ. ‘ಊರಲ್ಲಿ ಓಡಿದರೆ ಎದೆ ಹಗುರ ಆಗ್ತಿತ್ತು ದೊಡ್ಡಪ್ಪ, ಇಲ್ಲಿ ಅದೇ ಓಟ ಎದೆ ಮೇಲೆ ಕೂತಂಗಾಗ್ತದೆ’ ಅಂದ. ಆಮೇಲೆ ಇನ್ನೊಬ್ಬ ಉಸ್ತಾದ್ ಬಂದರಂತೆ. ಅವರು ಹಿಂದೆ ನಿಂತು ಕೂಗದೆ ಹುಡುಗರ ಜೊತೆ ತಾವೂ ಓಡಿ, ಕೊನೆಗೆ ಉಳಿದವನ ಹೆಗಲು ತಟ್ಟಿ ಕರೆತರುತ್ತಿದ್ದರಂತೆ. ‘ಈಗ ಪರವಾಗಿಲ್ಲ’ ಅಂದ.

ಆ ಮಾತಿನಲ್ಲಿ ದೊಡ್ಡ ವಿಷಯ ಅಡಗಿದೆ. ಐದು ಕಿಲೋಮೀಟರ್ ಅಂದರೆ ಐದೇ ಕಿಲೋಮೀಟರ್. ಆದರೆ ತನಗೆ ಬೇಕೆಂದು ಓಡಿದ್ದು ಬೇರೆ, ಶಿಕ್ಷೆಯಾಗಿ ಓಡಿದ್ದು ಬೇರೆ. ಕಾಲಿಗೆ ವ್ಯತ್ಯಾಸ ತಿಳಿಯದು, ಮನಸ್ಸಿಗೆ ತಿಳಿಯುತ್ತದೆ. ವ್ಯಾಯಾಮವನ್ನೇ ದಂಡನೆ ಮಾಡಿದರೆ, ಮನಸ್ಸಿಗೆ ಮದ್ದಾಗಬೇಕಾದ್ದೇ ಗಾಯವಾಗುವ ಅಪಾಯವುಂಟು.

ಮೈಯ ಲೆಕ್ಕವೂ ಇದರೊಳಗೇ ಬರುತ್ತದೆ. ಹಿಂದಿನಷ್ಟು ನಡೆಯುವ, ಹೊರುವ ಕೆಲಸ ಈಗ ಹಳ್ಳಿ ಹುಡುಗರಿಗೂ ಇಲ್ಲ. ಟ್ರ್ಯಾಕ್ಟರ್ ಬಂತು, ಬೈಕು ಬಂತು, ಮೊಬೈಲು ಬಂತು. ಇದು ನಮ್ಮೊಬ್ಬರ ಕಥೆಯಲ್ಲ. ಫಿನ್ಲೆಂಡಿನಲ್ಲಿ ಸೇನೆಗೆ ಬರುವ ಹುಡುಗರನ್ನು ಹನ್ನೆರಡು ನಿಮಿಷ ಓಡಿಸಿ ಅಳೆಯುತ್ತಾರೆ. 1970ರ ದಶಕದ ಕೊನೆಯಲ್ಲಿ ಸರಾಸರಿ 2,700 ಮೀಟರಿಗೂ ಹೆಚ್ಚು ಓಡುತ್ತಿದ್ದವರು, 2004ರ ಹೊತ್ತಿಗೆ 2,400 ಮೀಟರಿನ ಆಸುಪಾಸಿಗೆ ಇಳಿದಿದ್ದರು. ಹೀಗೆ ಬಂದವರ ಮೇಲೆ ಏಕಾಏಕಿ ಭಾರ ಹೇರಿದರೆ ಮೊಣಕಾಲ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕು ಬೀಳುತ್ತದೆ. ಹೊಸ ಸಿಪಾಯಿಗಳಲ್ಲಿ ಇದು ಎಲ್ಲಾ ದೇಶದಲ್ಲೂ ಕಾಣುವ ತೊಂದರೆ. ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತು, ಜೊತೆಯವರ ಕವಾಯತು ನೋಡುವವನ ಮನಸ್ಸು ಹೇಗಿರಬೇಕು? ಕಾಲಿಗೆ ಡಾಕ್ಟರು ಬರುತ್ತಾರೆ. ಆ ಮನಸ್ಸಿನ ಹತ್ತಿರವೂ ಯಾರಾದರೂ ಕೂರಬೇಕಲ್ಲವೇ? ಆದ್ದರಿಂದಲೇ ತರಬೇತಿಗೆ ಮುಂಚೆ ತಿಂಗಳುಗಟ್ಟಲೆ ನಿಧಾನವಾಗಿ ಮೈ ಪಳಗಿಸಿಕೊಂಡು ಹೋದವನಿಗೆ ಪೆಟ್ಟೂ ಕಮ್ಮಿ, ಅಂಜಿಕೆಯೂ ಕಮ್ಮಿ.

ನಮ್ಮೂರ ಮಾಜಿ ಸೈನಿಕರೊಬ್ಬರ ಹತ್ತಿರ ಇದನ್ನೆಲ್ಲಾ ಹೇಳಿದೆ. ಅವರು ನಕ್ಕರು. ‘ಮೆತ್ತಗೆ ಸಾಕಿದರೆ ಯುದ್ಧದಾಗೆ ನಿಲ್ತಾನೇನಯ್ಯಾ? ಕಬ್ಬಿಣ ಕಾಯಿಸಿ ಬಡಿದರೇ ಕುಡ್ಲು ಆಗೋದು’ ಅಂದರು. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಸೇನೆ ಸುಖದ ಜಾಗ ಅಲ್ಲ. ಕಷ್ಟಕ್ಕೆ ಒಗ್ಗಿಸುವುದೇ ತರಬೇತಿಯ ಗುರಿ. ಆದರೆ ಕಮ್ಮಾರನೂ ಬಡಿದದ್ದನ್ನು ನೀರಿಗೆ ಅದ್ದುತ್ತಾನೆ. ಸುಮ್ಮನೆ ಬಡಿಯುತ್ತಾ ಹೋದರೆ ಸೀಳುತ್ತದೆ ಅಂತ ಅವನಿಗೆ ಗೊತ್ತು. ನಿದ್ದೆ, ಮನೆಯವರ ಜೊತೆ ಎರಡು ಮಾತು, ವಾರಕ್ಕೊಂದು ಬಿಡುವು, ಕಷ್ಟ ಹೇಳಿಕೊಳ್ಳಲು ಒಬ್ಬ ಮನುಷ್ಯ, ಇವೇ ಆ ನೀರು.

ಇದು ಸಣ್ಣ ವಿಷಯವಲ್ಲ ಎಂಬುದಕ್ಕೆ ಸರ್ಕಾರದ್ದೇ ಲೆಕ್ಕವಿದೆ. ಐದು ವರ್ಷಗಳಲ್ಲಿ ಭೂ, ವಾಯು, ನೌಕಾ ಮೂರೂ ಪಡೆಗಳಲ್ಲಿ 819 ಜನ ಆತ್ಮಹತ್ಯೆ ಮಾಡಿಕೊಂಡಿದ್ದಾರೆ, ಅದರಲ್ಲಿ 642 ಭೂಸೇನೆಯವರು ಎಂದು 2022ರ ಜುಲೈನಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಇದು ಎಲ್ಲಾ ವಯಸ್ಸಿನವರ, ಎಲ್ಲಾ ದರ್ಜೆಯವರ ಲೆಕ್ಕ, ಹೊಸದಾಗಿ ಸೇರಿದವರದ್ದಷ್ಟೇ ಅಲ್ಲ. ಆದರೂ ಇವರೆಲ್ಲಾ ಒಂದು ಕಾಲಕ್ಕೆ ಮೈ ಪರೀಕ್ಷೆಯಲ್ಲಿ ಗೆದ್ದು ಬಂದ ಗಟ್ಟಿಗರೇ ತಾನೆ? ಗಟ್ಟಿ ಮೈಯೊಳಗೂ ಮನಸ್ಸು ನೋಯಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಅಕ್ಕನ ಮಗ

ಈಗ ಮನೆಯ ಮಾತು. ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ‘ಬರಿ ಮಾಮ, ಹೆಸರು ಹಾಕಬೇಡ’ ಅಂದ ಅವನೇ.

ನನ್ನ ಅಕ್ಕನ ಮಗ ಇಂಟರ್ ಮುಗಿಸಿ ಎರಡು ವರ್ಷ ಏರಿ ಮೇಲೆ ಓಡಿದ. 2023ರಲ್ಲಿ ಪರೀಕ್ಷೆಯಲ್ಲೇ ಹೋಯಿತು. 2024ರಲ್ಲಿ ಪರೀಕ್ಷೆ ಪಾಸಾಗಿ ರ‍್ಯಾಲಿಗೆ ಹೋದ. ಆ ವರ್ಷದ ಲೆಕ್ಕದಲ್ಲಿ ಕೊನೆಯ ಗಡುವು 5 ನಿಮಿಷ 45 ಸೆಕೆಂಡು. ಮೂರನೇ ಸುತ್ತಿನಲ್ಲಿ ಯಾರದೋ ಮೊಣಕೈ ತಗುಲಿ ತಡವರಿಸಿದನಂತೆ. ಕೆಲವೇ ಸೆಕೆಂಡಿನಲ್ಲಿ ಹಗ್ಗ ಅಡ್ಡ ಬಿತ್ತು. ಮುಂದಿನ ಭರ್ತಿಯ ಹೊತ್ತಿಗೆ ಅವನ ವಯಸ್ಸು ಮೀರುತ್ತಿತ್ತು.

ಊರಿಗೆ ಬಂದವನಿಗೆ ನಾನು ಹೇಳಿದ್ದೇನು ಗೊತ್ತೇ? ‘ಹೋಗ್ಲಿ ಬಿಡೋ, ಓಡಿದ್ದು ಸಾಕು, ನಾಳೆಯಿಂದ ಹೊಲಕ್ಕೆ ಬಾ.’ ಸಮಾಧಾನಕ್ಕೆ ಅಂತಲೇ ಅಂದೆ. ಆದರೆ ಆ ಮಾತಿನ ಜೊತೆಗೆ ಅವನ ಓಟವೂ ನಿಂತಿತು. ಎರಡು ವರ್ಷ ದಿನಾ ದಣಿದು ಪಳಗಿದ ಮೈ ಒಂದೇ ದಿನಕ್ಕೆ ನಿಂತುಬಿಟ್ಟಿತು. ಏರಿಯ ಹುಡುಗರ ಜೊತೆ ಬಿಟ್ಟ. ರಾತ್ರಿಯೆಲ್ಲಾ ಮೊಬೈಲು, ಮಧ್ಯಾಹ್ನದವರೆಗೆ ಮುಸುಕು. ಊಟ ಅರ್ಧಕ್ಕೇ ಎದ್ದುಬಿಡುತ್ತಿದ್ದ. ನಾವು ಕೊಬ್ಬು ಅಂದುಕೊಂಡೆವು. ‘ತಮ್ಮಾ, ಅವನು ನನ್ನ ಹತ್ರ ಮಾತಾಡಿ ಹನ್ನೊಂದು ದಿನ ಆತು’ ಅಂತ ಅಕ್ಕ ಹೇಳಿದಾಗಲೂ ‘ಸರಿ ಹೋಗ್ತಾನೆ ಬಿಡಕ್ಕ, ಗಂಡು ಹುಡುಗ’ ಅಂದೆ. ಬೆಳೆಗೆ ರೋಗ ಬಿದ್ದರೆ ಎಲೆಯ ಬಣ್ಣ ನೋಡಿ ಹೇಳುವ ನಾನು, ಮನೆ ಮಗುವಿನ ಮುಖ ಓದಲಿಲ್ಲ.

ಒಂದು ರಾತ್ರಿ ಜಗಲಿ ಮೇಲೆ ಕೂತವನು, ನನ್ನ ಕಡೆ ನೋಡದೆ, ‘ಮಾಮ, ನಾನು ಇದ್ದರೆಷ್ಟು, ಹೋದರೆಷ್ಟು’ ಅಂದ.

ನನ್ನ ಕೈಕಾಲು ತಣ್ಣಗಾದವು. ಇಂಥ ಹೊತ್ತಿನಲ್ಲಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಎಂದು ನಮ್ಮಲ್ಲಿ ಭಯ. ಅದು ತಪ್ಪು ಅಂತ ಡಾಕ್ಟರು ಆಮೇಲೆ ಹೇಳಿದರು. ಸಾಯುವ ಯೋಚನೆ ಬರುತ್ತಿದೆಯಾ ಎಂದು ಬಾಯಿಬಿಟ್ಟು ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಅವತ್ತು ನನಗೆ ಅದು ಗೊತ್ತಿರಲಿಲ್ಲ. ಏನೋ ಒಂದು ಧೈರ್ಯದಲ್ಲಿ ಕೇಳಿಬಿಟ್ಟೆ. ಅವನು ಅತ್ತ. ಬೆಳಗಾಗುವವರೆಗೆ ಅವನ ಪಕ್ಕ ಬಿಟ್ಟು ಏಳಲಿಲ್ಲ. ಬೆಳಿಗ್ಗೆ 14416ಕ್ಕೆ ಫೋನು ಮಾಡಿದೆವು. ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೆಲವು ತಿಂಗಳು ಮಾತ್ರೆ, ಅದರ ಜೊತೆಗೆ ಮಾತು.

ಡಾಕ್ಟರು ಕೇಳಿದ ಒಂದು ಪ್ರಶ್ನೆ ಇನ್ನೂ ಕಿವಿಯಲ್ಲಿದೆ. ‘ಓಡೋದು ಯಾಕಪ್ಪಾ ನಿಲ್ಲಿಸಿದೆ?’ ಭರ್ತಿ ಹೋಯಿತು, ಇನ್ಯಾಕೆ ಅಂದ ಇವನು. ದಿನಾ ವ್ಯಾಯಾಮ ಮಾಡುತ್ತಿದ್ದವನು ಒಮ್ಮೆಗೇ ನಿಲ್ಲಿಸಿದರೆ ಎರಡು ವಾರದಲ್ಲೇ ಮನಸ್ಸು ಕುಗ್ಗಬಹುದು ಎಂದು ಅವರು ವಿವರಿಸಿದರು. ಈಗ ಯೋಚಿಸಿ ನೋಡಿ. ಸೋತ ದಿನವೇ ಆಸೆಯೂ ಹೋಗುತ್ತದೆ, ಜೊತೆಯೂ ಹೋಗುತ್ತದೆ, ಮನಸ್ಸನ್ನು ಹಿಡಿದು ನಿಲ್ಲಿಸಿದ್ದ ಓಟವೂ ಹೋಗುತ್ತದೆ. ರೋಗ ಬಂದ ದಿನವೇ ಔಷಧಿ ಕಿತ್ತುಕೊಂಡ ಹಾಗೆ. ಆಯ್ಕೆಯಾಗದೆ ವಾಪಸು ಬರುವ ಹುಡುಗರು ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಗೆದ್ದವನನ್ನು ಸೇನೆ ನೋಡಿಕೊಳ್ಳುತ್ತದೆ. ಸೋತವನು ಯಾವ ಇಲಾಖೆಗೆ ಸೇರಿದವನು?

ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕು?

ಇದು ಗಡಿನಾಡಿನ ಪುಟವಾದ್ದರಿಂದ ಒಂದು ಮಾತು ಹೇಳಲೇಬೇಕು. ನಮ್ಮ ಹುಡುಗರು ಆಂಧ್ರದ ನಿವಾಸಿಗಳಾದ್ದರಿಂದ ಗುಂಟೂರಿನ ಸೇನಾ ಭರ್ತಿ ಕಚೇರಿಯ ಲೆಕ್ಕಕ್ಕೆ ಬರುತ್ತಾರೆ. ಬೆಂಗಳೂರು ನಮಗೆ ಬಸ್ಸಿನಲ್ಲಿ ಮೂರು ನಾಲ್ಕು ಗಂಟೆ, ಗುಂಟೂರು ರಾತ್ರಿಯೆಲ್ಲಾ ಪಯಣ. ಅಮರಾಪುರ, ರೊಳ್ಳ, ಅಗಳಿ ಕಡೆ ಕನ್ನಡ ಶಾಲೆಯಲ್ಲಿ ಓದಿದವನು ಮೊದಲು ಹಿಂದಿ, ಇಂಗ್ಲಿಷಿನಲ್ಲೇ ಪರೀಕ್ಷೆ ಬರೆಯಬೇಕಿತ್ತು. 2025ರ ಪರೀಕ್ಷೆಗೆ ಕನ್ನಡ, ತೆಲುಗು ಸೇರಿ 13 ಭಾಷೆಗಳಲ್ಲಿ ಅವಕಾಶ ಕೊಟ್ಟರು. ಸ್ವಾಗತಾರ್ಹ. ಆಂಧ್ರದ ವಿಳಾಸವಿದ್ದರೂ ಕನ್ನಡ ಆರಿಸಿಕೊಳ್ಳಬಹುದೆಂದು ನಮ್ಮ ಹುಡುಗರಿಗೆ ಹೇಳುವವರು ಬೇಕಷ್ಟೆ.

ಪರೀಕ್ಷೆಯ ಭಾಷೆಗಿಂತ ದೊಡ್ಡದು ನೋವಿನ ಭಾಷೆ. ನನಗೆ ತೆಲುಗು ಚೆನ್ನಾಗಿ ಬರುತ್ತದೆ, ಪದ್ಯವನ್ನೇ ಬರೆಯುತ್ತೇನೆ. ಆದರೂ ನನ್ನ ತಾಯಿ ಸತ್ತಾಗ ನಾನು ತೆಲುಗಿನಲ್ಲಿ ಅಳಲಿಲ್ಲ. ಇಪ್ಪತ್ತು ವರ್ಷದ ಹುಡುಗ ಎಲ್ಲೋ ದೂರದ ಬ್ಯಾರಕ್ಕಿನಲ್ಲಿ ‘ಎದೆ ಭಾರ ಆಗ್ಯದೆ’ ಅನ್ನುವುದನ್ನು ಹಿಂದಿಯಲ್ಲಿ ಹೇಗೆ ಹೇಳುತ್ತಾನೆ? ‘ಸಬ್ ಠೀಕ್ ಹೈ ಸಾಬ್’ ಅನ್ನುತ್ತಾನೆ. ಅಷ್ಟೇ ಹಿಂದಿ ಬರುವುದು ಅವನಿಗೆ.

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಬೆನ್ನೆಲುಬು. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಇಪ್ಪತ್ತು ಭಾಷೆಗಳಲ್ಲಿ ಮಾತಾಡುವವರಿದ್ದಾರೆ, ಭಾಷೆ ಆರಿಸಿಕೊಳ್ಳಬಹುದು. ಸೈನಿಕರಿಗೆ, ಅವರ ಮನೆಯವರಿಗೆ ಎಂದೇ 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರದೊಂದು ವಿಶೇಷ ಘಟಕ ತೆರೆದರು. ಈ ಸಂಖ್ಯೆಯನ್ನು ಹುಡುಗರು ಓಟದ ಸಮಯ ನೆನಪಿಟ್ಟುಕೊಂಡ ಹಾಗೆ ನೆನಪಿಟ್ಟುಕೊಳ್ಳಬೇಕು.

ನಾಲ್ಕು ವರ್ಷ ಆದಮೇಲೆ

ಭೂಸೇನೆಯ ಮೊದಲ ತಂಡದ ಅಗ್ನಿವೀರರು ತರಬೇತಿಗೆ ಸೇರಿದ್ದು 2022ರ ಕೊನೆ, 2023ರ ಆರಂಭದಲ್ಲಿ. ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಆರಂಭಕ್ಕೆ. ವರ್ಷಕ್ಕೆ 30 ದಿನ ರಜೆಯಲ್ಲಿ ದುಡಿದವರು ಅವರು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ನೂರಕ್ಕೆ ಹತ್ತು ಸ್ಥಾನ ಮೀಸಲಿಡುವುದಾಗಿ ಸರ್ಕಾರ 2022ರಲ್ಲೇ ಹೇಳಿದೆ. ಒಳ್ಳೆಯದು. ಆದರೆ ಉಳಿದುಕೊಳ್ಳುವ ನಾಲ್ಕರಲ್ಲಿ ಒಬ್ಬ ನಾನಾಗಬೇಕು ಎಂಬ ಪೈಪೋಟಿ, ಪಕ್ಕದ ಮಂಚದ ಗೆಳೆಯನನ್ನೇ ಎದುರಾಳಿ ಮಾಡುತ್ತದೆ. ಕಷ್ಟ ಹೇಳಿಕೊಂಡರೆ ನನ್ನ ಅಂಕ ಕಮ್ಮಿಯಾದೀತು ಎಂಬ ಅಂಜಿಕೆಯೂ ಹುಟ್ಟೀತು. ಮನಸ್ಸಿನ ಕಾಯಿಲೆಗೆ ಸಲಹೆ ಕೇಳಿದ್ದನ್ನು ಉಳಿಸಿಕೊಳ್ಳುವ ಲೆಕ್ಕಕ್ಕೆ ತರುವುದಿಲ್ಲ ಎಂದು ಅಧಿಕಾರಿಗಳು ಸ್ಪಷ್ಟವಾಗಿ, ಹುಡುಗರ ಭಾಷೆಯಲ್ಲೇ ಹೇಳುವುದು ಅಗತ್ಯ.

ವಾಪಸು ಬಂದವರನ್ನು ಊರು ಹೇಗೆ ನೋಡುತ್ತದೆ ಎಂಬುದೂ ಮುಖ್ಯ. ‘ಕಳಿಸಿಬಿಟ್ಟರಂತೆ’ ಅನ್ನುವ ನಾಲಿಗೆಗಳು ನಮ್ಮಲ್ಲಿ ಕಮ್ಮಿಯಿಲ್ಲ. ಇಪ್ಪತ್ತೈದರೊಳಗೆ ಮಾಜಿ ಅನ್ನಿಸಿಕೊಳ್ಳುವುದು ಸುಲಭದ ಮಾತಲ್ಲ. ಅವನಿಗೆ ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ, ಹೋಗಲು ಮೈದಾನ ಇರುವುದಿಲ್ಲ.

ನಮ್ಮ ಕೈಲಾಗುವುದು

ದೊಡ್ಡ ಯೋಜನೆ ಬದಲಿಸುವುದು ನನ್ನಂಥವನ ಕೈಯಲ್ಲಿಲ್ಲ. ಊರಿನ ಮಟ್ಟಿಗೆ ಮಾಡಬಹುದಾದ್ದು ಇದೆ. ಒಂದು, ಪ್ರತಿ ಪಂಚಾಯಿತಿಯಲ್ಲಿ ಒಂದು ಸಮನಾದ ಬಯಲು ಬೇಕು. ಹುಡುಗರು ಹಾವು, ಲಾರಿ ನಡುವೆ ಕತ್ತಲಲ್ಲಿ ಓಡುತ್ತಿದ್ದಾರೆ. ಎರಡು, ಊರಿನ ಮಾಜಿ ಸೈನಿಕರು ವಾರಕ್ಕೊಮ್ಮೆ ಬಂದು ಭಾರ ಹೇಗೆ ನಿಧಾನ ಏರಿಸಬೇಕು, ಯಾವ ದಿನ ಸುಮ್ಮನಿರಬೇಕು ಎಂದು ಕಲಿಸಬೇಕು. ಹಿಂದಿಯ ನಾಲ್ಕು ಹುಕುಂ ಮುಂಚೆಯೇ ಕಲಿಸಿದರೆ ಆ ಮೊದಲ ತಿಂಗಳ ಅವಮಾನ ತಪ್ಪೀತು. ಮೂರು, ಹುಡುಗರಿಂದ ಸಾವಿರಾರು ರೂಪಾಯಿ ಪಡೆದು ಓಟ ಕಲಿಸುವ ಖಾಸಗಿ ಶಿಬಿರಗಳು, ಆಯ್ಕೆಯಾದವನ ಫೋಟೋ ಹಾಕುವಷ್ಟೇ ಕಾಳಜಿಯಿಂದ ಆಯ್ಕೆಯಾಗದವನ ಮನೆಗೂ ಒಂದು ಫೋನು ಮಾಡಬೇಕು. ನಾಲ್ಕು, ಇದು ತಂದೆತಾಯಿಗಳಿಗೆ: ವಾಪಸು ಬಂದ ಮಗನಿಗೆ ‘ಓಡಿದ್ದು ಸಾಕು’ ಅನ್ನಬೇಡಿ. ಭರ್ತಿಗಾಗಿ ಓಡುವುದು ಮುಗಿಯಬಹುದು, ತನಗಾಗಿ ಓಡುವುದು ಮುಗಿಯಬಾರದು. ದೊಡ್ಡವರು ವಾರಕ್ಕೆ 150 ನಿಮಿಷವಾದರೂ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಸಿಪಾಯಿಗಳಿಗೆ ಮಾತ್ರವಲ್ಲ, ಎಲ್ಲರಿಗೂ.

ಅಕ್ಕನ ಮಗ ಈಗ ಸಿರಾದಲ್ಲಿ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಮಾತ್ರೆ ನಿಂತಿದೆ. ಪೂರ್ತಿ ಮೊದಲಿನ ಹಾಗೆ ಆಗಿದ್ದಾನೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಕೆಲವು ದಿನ ಇನ್ನೂ ಮೌನವಾಗಿರುತ್ತಾನೆ, ನಾವೂ ಬಲವಂತ ಮಾಡುವುದಿಲ್ಲ, ಪಕ್ಕದಲ್ಲಿ ಕೂರುತ್ತೇವೆ. ಭಾನುವಾರ ಊರಿಗೆ ಬಂದಾಗ ಏರಿ ಮೇಲೆ ಹೋಗುತ್ತಾನೆ. ಮೊದಲು ಚಿಕ್ಕ ಹುಡುಗರಿಗೆ ಸೆಕೆಂಡು ಎಣಿಸಿ ಕೊಡುತ್ತಿದ್ದ. ಹೋದ ತಿಂಗಳು ಅವರ ಹಿಂದೆ ತಾನೂ ಓಡಿದ.

‘ಎಷ್ಟು ನಿಮಿಷ ಆತೋ?’ ಅಂದೆ.

‘ನೋಡಲಿಲ್ಲ ಮಾಮ’ ಅಂದ.

ಅವತ್ತು ಅವನು ಓಡಿದ್ದು ಕನ್ನಡದ ಓಟ ಅಂತ ನನಗೆ ಅನ್ನಿಸಿತು.